ಟ್ಯಾಂಕಿಗೆ ಬರ್ಫ ಹಾಕಿದ ಕಾಕಾ

ಮೊನ್ನೆ ಮಂಡಿನೋವು ತೋರಿಸಲು ಹೋದ ಆಸ್ಪತ್ರೆಯಲ್ಲಿ ಯಾರೋ ನೆಲಕ್ಕೆ ಫಿನಾಯಿಲನ್ನು ಧಾರಾಳವಾಗಿ ಸುರಿದಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ನಗು ಬಂತು. ಮುದುಕಿಯೊಬ್ಬಳು ತನ್ನಷ್ಟಕ್ಕೆ ತಾನೇ ನಗುವುದನ್ನು ಕಂಡು ಪಕ್ಕದಲ್ಲಿ ಕೂತವರು ಕೊಂಚ ಸರಿದು ಕೂತರು. ಅವರಿಗೇನು ಗೊತ್ತು... ಫಿನಾಯಿಲಿನ ಹಿಂದೆಯೇ ನಾಗಪುರದ ಬೇಸಿಗೆ, ಒಂದು ಹಳೇ ಗಾಡಿ, ಅದರ ಡ್ರೈವರ್ ಕಾಕಾ, ಎಲ್ಲ ಸಾಲಾಗಿ ಬಂದುಬಿಟ್ಟಿದ್ದವು.

ಎಂಬತ್ತರ ದಶಕದ ಮಾತು. ಮೈಸೂರಿನಿಂದ ಮದುವೆಯಾಗಿ ನಾಗಪುರಕ್ಕೆ ಹೋದ ನಾನು ಅಲ್ಲಿನ ಸದರ್ ಬಡಾವಣೆಯ ಒಂದು ಧರ್ಮಾರ್ಥ ಸಂಸ್ಥೆಯಲ್ಲಿ ಲೇಡಿ ಡಾಕ್ಟರಾಗಿದ್ದೆ. ಪರದೇಶದವರು ಯಾರೋ ಬಳಸಿ ಬಿಟ್ಟ ಮನೆಗಾಡಿಯೊಂದು ಸಂಸ್ಥೆಗೆ ದಾನವಾಗಿ ಬಂದಿತ್ತು. ಒಳಗೆ ಎರಡು ಮಂಚ, ಒಂದು ಒಲೆ, ಮೂಲೆಯಲ್ಲಿ ಪುಟ್ಟ ಪಾಯಖಾನೆ, ಅದರ ಕೆಳಗೆ ಗಾಡಿಯ ಹೊಟ್ಟೆಗೆ ಅಂಟಿಕೊಂಡ ಕೊಳೆ ಟ್ಯಾಂಕು. ನಾನೂ ನರ್ಸೂ ನಾಲ್ಕೈದು ದಿನ ಹಳ್ಳಿಗಳಲ್ಲೇ ಉಳಿದು ಬಸುರಿ ಹೆಂಗಸರನ್ನು ನೋಡಿ ಬರುತ್ತಿದ್ದೆವು. ಹೆಂಗಸರಾದ ನಾವು ಅಲ್ಲಿ ಉಳಿಯುವ ಧೈರ್ಯ ಮಾಡಿದ್ದು ಆ ಪಾಯಖಾನೆಯ ದೆಸೆಯಿಂದ ಎಂದರೆ ಈಗಿನವರು ನಕ್ಕಾರು. ಅದಿಲ್ಲದಿದ್ದರೆ ನಾವಿಲ್ಲ, ನಾವಿಲ್ಲದಿದ್ದರೆ ಆ ಹಳ್ಳಿಗಳಿಗೆ ಡಾಕ್ಟರೇ ಇಲ್ಲ.

ಕಾಕಾ ಬೆಳಗಾವಿ ಕಡೆಯವರು. ಸೈನ್ಯದಲ್ಲಿ ನೀರಿನ ಲಾರಿ ಓಡಿಸಿ, ನಾಗಪುರದ ಪಕ್ಕದ ಕಾಮ್ಠಿಯಲ್ಲಿ ನಿವೃತ್ತರಾಗಿ, ಅಲ್ಲೇ ಮನೆ ಮಾಡಿಕೊಂಡಿದ್ದರು. ನಾನು ವಯಸ್ಸಿನಲ್ಲಿ ಅವರ ಮಗಳಂತಿದ್ದರೂ ನನ್ನನ್ನು ಅಮ್ಮಾವರೇ ಎಂಬಂತೆ 'ಬಾಯಾರ' ಎಂದೇ ಕರೆಯುತ್ತಿದ್ದರು. ಮಾತು ಕಡಿಮೆ. ಆಡಿದ ಮಾತಿನಲ್ಲಿ ಅರ್ಧ ಮರಾಠಿ, ಉಳಿದರ್ಧ ನನ್ನ ಮೈಸೂರು ಕಿವಿಗೆ ಹತ್ತದ ಕನ್ನಡ.

ಇನ್ನು ನನ್ನ ಪ್ರತಾಪ ಕೇಳಿ. ಅನ್ನ ಬೇಯಿಸುವ ಒಲೆಯಿಂದ ಮೂರು ಮೊಳದಾಚೆ ಅದೆಲ್ಲ ನಿಂತಿರುವುದೆಂದರೆ ನನಗೆ ಸಹಿಸಲಾಗದು. ಅಜ್ಜಿಯ ಮಡಿ ರಕ್ತದಲ್ಲೇ ಇತ್ತು, ಮೇಲೆ ಡಾಕ್ಟರಿಕೆ ಬೇರೆ. ಹಳ್ಳಿ ಸೇರಿದ ಕೂಡಲೇ ಗುಂಡಿ ತೋಡಿಸಿ, ಅದರ ಮೇಲೆ ಗಾಡಿ ನಿಲ್ಲಿಸಿ, ಟ್ಯಾಂಕಿನ ಕೆಳಗಿನ, ಕೊಳೆ ಹೊರಬಿಡುವ ಗೇಟನ್ನು ದಿನವಿಡೀ ತೆರೆದೇ ಇಡಬೇಕೆಂದು ಅಪ್ಪಣೆ ಮಾಡಿದೆ. ದಿನಕ್ಕೆರಡು ಸಲ ಫಿನಾಯಿಲು. ಕಾಕಾ ಒಮ್ಮೆ ಬೇಡವೆಂದರು. ಡಾಕ್ಟರು ನಾನೋ ನೀವೋ ಎಂಬಂತೆ ನೋಡಿದೆ, ಗೇಟು ತೆರೆದೇ ಇಟ್ಟರು. ಆದದ್ದೇನೆಂದರೆ, ತೆಳ್ಳಗಿನದೆಲ್ಲ ಆಗಿಂದಾಗಲೇ ಹರಿದುಹೋಯಿತು, ಗಟ್ಟಿಯಾದದ್ದು ಒಳಗೇ ಕೂತು ನಾಗಪುರದ ಬಿಸಿಲಿಗೆ ಒಣಗಿ ಗುಡ್ಡವಾಯಿತು. ಅತಿಯಾದರೆ ಅಮೃತವೂ ವಿಷ ಅನ್ನುತ್ತಾರೆ, ಫಿನಾಯಿಲಂತೂ ಮೊದಲಿನಿಂದಲೇ ವಿಷ.

ಏಪ್ರಿಲ್ ಹೊತ್ತಿಗೆ ಟ್ಯಾಂಕು ಪೂರಾ ಕಟ್ಟಿಕೊಂಡಿತು. ಗಾಡಿಯ ಬಾಗಿಲು ತೆರೆದರೆ ನರ್ಸ್ ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ಓಡುತ್ತಿದ್ದಳು. ಸಂಸ್ಥೆಯ ಸೆಕ್ರೆಟರಿ ನನ್ನನ್ನೂ ಕಾಕಾನನ್ನೂ ಕರೆಸಿದರು. ಮೇಲಿನ ಮುಚ್ಚಳ ಬಿಚ್ಚಿ ಕೈಯಿಂದ ಬಾಚುವವನೊಬ್ಬನನ್ನು ಕರೆಸಿ, ಇಲ್ಲವೇ ಶನಿವಾರ ಗಾಡಿಯನ್ನು ಗುಜರಿಗೆ ಕೊಟ್ಟುಬಿಡೋಣ ಎಂದರು. ನಾನು ಏನೂ ಹೇಳಲಿಲ್ಲ. ನಿಜ ಹೇಳಬೇಕೆಂದರೆ, ಯಾರನ್ನಾದರೂ ಕರೆಸಿದರೆ ಆಯಿತಲ್ಲ ಎಂದೇ ನನ್ನ ಮನಸ್ಸಿಗೆ ಬಂದಿತ್ತು. ಹೊರಗೆ ಬಂದ ಮೇಲೆ ಕಾಕಾ ನನ್ನ ಕಡೆ ತಿರುಗಿದರು.

"ಮನಷ್ಯಾನ ಕೈ ಅದರಾಗ ಹೋಗೂದಿಲ್ರಿ, ಬಾಯಾರ. ಶನಿವಾರದ ತನಕ ಗಾಡಿ ನನಗ ಬಿಡ್ರಿ."

ಬಿಟ್ಟೆ. ಅವರು ಮೊದಲು ಗೇಟು ಮುಚ್ಚಿದರು. ಪಾಯಖಾನೆಯ ಕೊಳವೆಯಿಂದ ಕೊಡಗಟ್ಟಲೆ ನೀರು, ಸೋಪಿನ ಪುಡಿ ಸುರಿದು ಒಂದು ದಿನ ನೆನೆಯಲು ಬಿಟ್ಟರು. ಮಾರನೆಯ ದಿನ ಸೈಕಲ್ಲಿನ ಹಿಂದೆ ಗೋಣಿಚೀಲದಲ್ಲಿ ಸುತ್ತಿದ ದೊಡ್ಡ ಮಂಜುಗಡ್ಡೆ ತಂದರು. ಬಿಸಿಲಿಗೆ ಇವರ ತಲೆ ಕೆಟ್ಟಿತೇ ಎಂದು ನನಗೆ ಗಾಬರಿ. ಗಡ್ಡೆಯನ್ನು ಮುಷ್ಟಿಗಾತ್ರಕ್ಕೆ ಒಡೆಯುತ್ತಲೇ ಕಾಕಾ ನನಗೆ ಪಾಠ ಹೇಳಿದರು.

"ಎಣ್ಣಿ ಸೀಸೆ ಹೆಂಗ ತೊಳೀತೀರಿ? ಹರಳು ಹಾಕಿ ಅಲುಗಾಡಸ್ತೀರಿ, ಹೌದಿಲ್ಲೋ? ಇದಕ್ಕ ಹರಳು ಹಾಕಿದ್ರ ಒಳಗ ಕುಂತಬಿಡತಾವ. ಬರ್ಫ ಆದ್ರ ಬರೋಬರ್ ತಿಕ್ಕಿ, ತಾನೂ ನೀರಾಗಿ ಹೊರಗ ಬರತೈತಿ."

ಚೂರುಗಳನ್ನು ಕೊಳವೆಯಿಂದ ಟ್ಯಾಂಕಿಗೆ ಇಳಿಸಿದ ಮೇಲೆ ಅಲುಗಾಡಿಸುವ ಕೆಲಸ. ನಾನೂ ಹತ್ತಿ ಕೂತೆ. ಸದರ್‌ನಿಂದ ಕಾಮ್ಠಿ ರಸ್ತೆಗೆ ಗಾಡಿ ಬಿಟ್ಟರು. ನಾಲ್ಕು ಮಾರು ಜೋರಾಗಿ ಓಡಿಸುವುದು, ಗಕ್ಕನೆ ಬ್ರೇಕ್ ಒತ್ತುವುದು, ಗುಂಡಿ ಕಂಡರೆ ಬೇಕೆಂದೇ ಇಳಿಸುವುದು. ಕಾಲ ಕೆಳಗೆ ಗಡಗಡ ಸದ್ದು. ಮರಳುವಾಗ ಸಿವಿಲ್ ಲೈನ್ಸ್‌ನಲ್ಲಿ ಪೊಲೀಸಿನವನೊಬ್ಬ ತಡೆದು, ಡ್ರೈವರ್ ಕುಡಿದಿದ್ದಾನೋ ಎಂದು ಒಳಗೆ ಮೂಗು ಚಾಚಿದ. ಚಾಚಿದವನು ಅಷ್ಟೇ ಬೇಗ ಹಿಂದೆಳೆದುಕೊಂಡು, ಜಲ್ದಿ ಹೋಗಿ ಎಂದು ಕೈ ಬೀಸಿದ.

ಸಂಸ್ಥೆಯ ಹಿತ್ತಿಲ ಗುಂಡಿಗೆ ದಪ್ಪ ಪೈಪು ಜೋಡಿಸಿ ಗೇಟು ತೆರೆದರು. ಬರೀ ಕಂದು ನೀರು, ಅದೂ ಬೆರಳುದಪ್ಪ. ಇನ್ನು ಗುಜರಿಯೇ ಗತಿ ಎಂದುಕೊಂಡೆ. ಕಾಕಾ ಮಾತ್ರ ಏನೂ ಆಗದವರಂತೆ ಗೇಟು ಮುಚ್ಚಿ ಮತ್ತೆ ನೀರು ತುಂಬಿಸಿದರು. ತಳ ಹಿಡಿದ ಪಾತ್ರೆ ಒಂದೇ ದಿನಕ್ಕೆ ಬಿಡುತ್ತದೆಯೇ ಎಂದು ನನ್ನನ್ನೇ ಕೇಳಿದರು. ಮತ್ತೊಂದು ದಿನ ನೆನೆಯಿತು.

ಶನಿವಾರ ಬೆಳಿಗ್ಗೆ ಎರಡು ಗಡ್ಡೆ ತಂದರು, ಜೊತೆಗೆ ಇನ್ನಷ್ಟು ತಿಕ್ಕಲೆಂದು ಒಂದು ಚೀಲ ಕಲ್ಲುಪ್ಪು. ಮತ್ತೆ ಕಾಮ್ಠಿ ರಸ್ತೆ, ಮತ್ತೆ ಅದೇ ಕುಣಿತ. ನಾವು ಮರಳುವಷ್ಟರಲ್ಲಿ ಸೆಕ್ರೆಟರಿ ಗುಜರಿಯವನೊಂದಿಗೆ ಹಿತ್ತಿಲಲ್ಲೇ ಕಾಯುತ್ತಿದ್ದರು. ಕಾಕಾ ಪೈಪು ಜೋಡಿಸಿ ಗೇಟು ಎಳೆದರು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಒಳಗಿನಿಂದ ಗುಡುಗಿದಂತಾಗಿ ಪೈಪು ಹಾವಿನಂತೆ ಹೊರಳಿತು. ಗುಡ್ಡಕ್ಕೆ ಗುಡ್ಡವೇ ಕರಗಿ, ಭರ್ರೆಂದು ಗುಂಡಿಗೆ ಹೋಯಿತು. ಆ ಸದ್ದು... ನನ್ನ ಇಬ್ಬರು ಮಕ್ಕಳ ಮೊದಲ ಅಳು ಬಿಟ್ಟರೆ ಅಷ್ಟು ಖುಷಿ ಕೊಟ್ಟ ಸದ್ದನ್ನು ನಾನು ಕೇಳಿಲ್ಲ. ನರ್ಸ್ ಚಪ್ಪಾಳೆ ತಟ್ಟಿದಳು. ನಾನು ಅತ್ತುಬಿಟ್ಟೆ. ಗುಜರಿಯವನು ಬಂದ ದಾರಿ ಹಿಡಿದ.

ಕೈ ಕೆಸರಾದರೆ ಬಾಯಿ ಮೊಸರು ಎಂಬ ಮಾತಿದೆ. ಅಂದು ಯಾರ ಕೈಯೂ ಕೆಸರಾಗಲಿಲ್ಲ, ಬಾಯಿಗೆ ಮಾತ್ರ ಶರಬತ್ತು ಬಂತು. ಕಾಕಾ ಸ್ನಾನ ಮುಗಿಸಿ, ಉಳಿದಿದ್ದ ಗಡ್ಡೆಯನ್ನು ತೊಳೆದು ಒಡೆದು ನಿಂಬೆ ಶರಬತ್ತು ಮಾಡಿದ್ದರು. ನನ್ನ ಮಡಿ ಅರೆಗಳಿಗೆ ತಡವರಿಸಿತು. ಕುಡಿದೆ, ಇನ್ನೊಂದು ಲೋಟ ಕೇಳಿ ಕುಡಿದೆ. ಸೆಕ್ರೆಟರಿ ಕುಡಿಯುತ್ತಲೇ, ಇದು ಯಾರ ತಪ್ಪಿನಿಂದ ಆಯಿತೆಂದು ವಿಚಾರಿಸಿದರು. ಗಾಡಿ ಹಳೆಯದು ಸಾಹೇಬರೇ, ಹಾಗೆ ಆಗುತ್ತದೆ ಎಂದರು ಕಾಕಾ. ಸೆಕ್ರೆಟರಿ ಹೋದ ಮೇಲೆ ನನಗೊಬ್ಬಳಿಗೇ ಹೇಳಿದರು.

"ಗೇಟ ಬಂದ್ ಇಡೂಣ್ರಿ, ಬಾಯಾರ. ತುಂಬಿದ ಮ್ಯಾಲ ಒಮ್ಮೆಲೆ ಬಿಟ್ರ ನೀರಽ ಎಲ್ಲಾ ಎಳಕೊಂಡ ಹೋಗತೈತಿ."

ಅಷ್ಟೇ. ನಾನು ಹೇಳಿದ್ದೆನಲ್ಲ ಎಂಬ ಮಾತು ಅವರ ಬಾಯಿಂದ ಆ ದಿನವೂ ಬರಲಿಲ್ಲ, ಮುಂದೆಂದೂ ಬರಲಿಲ್ಲ. ಗಾಡಿ ಇನ್ನೂ ಆರು ವರ್ಷ ಓಡಿತು. ಅದರೊಳಗೇ ಮೂರು ಕೂಸುಗಳು ಹುಟ್ಟಿದವು. ಟ್ಯಾಂಕು ಮತ್ತೆಂದೂ ಕಟ್ಟಲಿಲ್ಲ.

ನಾವು ನಾಗಪುರ ಬಿಟ್ಟ ಕೆಲವು ವರ್ಷಗಳಿಗೆ ಅವರ ಮಗನ ಕಾರ್ಡು ಬಂತು. ಕಾಕಾ ತೀರಿಕೊಂಡು ಆಗಲೇ ಹದಿನೈದು ದಿನ ಕಳೆದಿತ್ತು... ಇವತ್ತಿಗೂ ಪತ್ರಿಕೆಯಲ್ಲಿ ಮಲದ ಗುಂಡಿಗಿಳಿದು ಸತ್ತವರ ಸುದ್ದಿ ಓದಿದಾಗ, ಅಂದು ಸೆಕ್ರೆಟರಿಯ ಕೋಣೆಯಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದ ಡಾಕ್ಟರು ಕಣ್ಣ ಮುಂದೆ ಬರುತ್ತಾಳೆ. ಗೇಟು ತೆರೆದಿಡಿಸಿದವಳು ನಾನೇ ಎಂದು ಆಕೆ ಸೆಕ್ರೆಟರಿಯ ಎದುರು ಹೇಳಲಿಲ್ಲ, ಕಾಕಾನ ಎದುರೂ ಹೇಳಲಿಲ್ಲ. ತಪ್ಪು ನನ್ನದು, ಕಾಕಾ. ಇವತ್ತು ಹೇಳಿದ್ದೇನೆ, ಆದರೆ ಕೇಳಲು ನೀವಿಲ್ಲ.