ಪೆನ್ಸಿಲ್ ಗೀಟು

ಅಶ್ವತ್ಥಮ್ಮನ ಬಲಗೈ ಹೆಬ್ಬೆರಳಿನ ತುದಿಯಲ್ಲಿ ಗೆರೆಗಳೇ ಇರಲಿಲ್ಲ. ಹೆಬ್ಬೆಟ್ಟು ಒತ್ತಿದರೆ ಬರೀ ಮಸಿಯ ಚುಕ್ಕೆ ಬೀಳುತ್ತಿತ್ತು. ಹಾಗಾಗಿಯೇ ಹಾಜರಿ ಪುಸ್ತಕಕ್ಕೋಸ್ಕರ ಮೂವತ್ತನೆಯ ವಯಸ್ಸಿನಲ್ಲಿ ಸಹಿ ಹಾಕುವುದನ್ನು ಕಲಿತಿದ್ದಳು. ಒಂಬತ್ತು ವರ್ಷ ಕ್ರಿಸ್ಟಲ್ ಉಜ್ಜಿದ ಕೈ ಅದು.

ಪೀಣ್ಯದ ಆ ಸಣ್ಣ ಕಾರ್ಖಾನೆ ಎದ್ದದ್ದು ಅವಳ ಮಾವ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ. ಜಮೀನು ಹೋದವರ ಮನೆಗೊಂದು ಕೆಲಸ ಅಂದರು. ಗಂಡ ಹನುಮಯ್ಯನಿಗೆ ಆಗಲೇ ಬೇರೆ ಕಡೆ ಲೇತ್ ಕೆಲಸವಿತ್ತು, ಇವಳು ಬಂದಳು. ಕೆಲಸವೇನೋ ನೋಡುವುದಕ್ಕೆ ಸುಲಭ. ಉಗುರಿನಷ್ಟು ಅಗಲದ ಸ್ಫಟಿಕದ ಬಿಲ್ಲೆಯನ್ನು ಗಾಜಿನ ಹಲಗೆಯ ಮೇಲಿಟ್ಟು, ನೀರು, ಪುಡಿ ಹಾಕಿ ಉಜ್ಜುವುದು, ಮೀಟರಿಗೆ ಸಿಕ್ಕಿಸಿ ಮುಳ್ಳು ನೋಡುವುದು, ಮತ್ತೆ ಉಜ್ಜುವುದು. ಮುಳ್ಳು ಗುರುತಿನ ಮೇಲೆ ನಿಂತರೆ ಮುಗಿಯಿತು. ಒಂದೇ ಒಂದು ಸುತ್ತು ಹೆಚ್ಚು ಉಜ್ಜಿದರೆ ಮುಳ್ಳು ಗುರುತು ದಾಟುತ್ತದೆ, ಸವೆದದ್ದು ಮತ್ತೆ ಬೆಳೆಯುವುದಿಲ್ಲ. ಆ ಬಿಲ್ಲೆಗಳು ಮಿಲಿಟರಿಯ ವೈರ್‌ಲೆಸ್ ಸೆಟ್ಟುಗಳಿಗೆ ಹೋಗುತ್ತಿದ್ದವು. ಎರಡು ಸೆಟ್ಟುಗಳಲ್ಲಿ ಒಂದೇ ಅಳತೆಯ ಕ್ರಿಸ್ಟಲ್ ಇದ್ದರೆ ಮಾತ್ರ ಈ ಬೆಟ್ಟದವನ ಮಾತು ಆ ಬೆಟ್ಟದವನಿಗೆ ಕೇಳುವುದು.

ಎಂಬತ್ತಮೂರರ ಮಳೆಗಾಲದಲ್ಲಿ ಸೂಪರ್‌ವೈಸರ್ ಗೋಪಾಲಕೃಷ್ಣ ಆರೂ ಜನ ಹೆಂಗಸರನ್ನು ಕರೆದು ನಿಲ್ಲಿಸಿದ.

"ಮಿಲಿಟರಿಯವ್ರು ಹೊಸಾ ಸೆಟ್ ತಗೊಳ್ತಿದಾರೆ ಕಣ್ರಮ್ಮಾ. ಒಳ್ಗೆ ಒಂದ್ ಎಲೆಕ್ಟ್ರಾನಿಕ್ ಚಿಪ್ಪು, ಒಂದೇ ಕ್ರಿಸ್ಟಲ್. ಗುಂಡಿ ತಿರುಗ್ಸಿದ್ರೆ ಸಾವ್ರ ಅಳತೆ ಬರುತ್ತೆ. ದೀಪಾವಳಿ ಆದ್ಮೇಲೆ ಇಲ್ಲಿ ಇಬ್ರಿಗೇ ಕೆಲ್ಸ."

ಮಾರನೆಯ ದಿನ ಗಡಿಯಾರದ ಕೆಳಗೆ ಒಂದು ಹಾಳೆ ಅಂಟಿತ್ತು. ಆರು ಹೆಸರು, ಬಿಲ್ಲೆ ಕೆಟ್ಟಾಗಲೆಲ್ಲ ಹೆಸರಿನ ಮುಂದೆ ಒಂದು ಕೆಂಪು ಗೀಟು. ಕಡಿಮೆ ಗೀಟಿದ್ದವರು ಉಳಿಯುತ್ತಾರೆ. ಗೋಪಾಲಕೃಷ್ಣ ಕೆಟ್ಟವನಲ್ಲ, ಮೇಲಿನವರ ಕೈಕೆಳಗಿನವನು. ಆದರೆ ಇಂಥ ಹಾಳೆ ಅಂಟಿಸುವ ಬುದ್ಧಿ ಕೊಟ್ಟವರ ಬಾಯಿಗೆ ಮಣ್ಣು ಹಾಕಬೇಕು.

ಅಲ್ಲಿಂದ ಅಶ್ವತ್ಥಮ್ಮನಿಗೆ ಊಟ ಸೇರಲಿಲ್ಲ. ಹನುಮಯ್ಯನ ಕಾರ್ಖಾನೆಗೆ ಬೀಗ ಬಿದ್ದು ಐದು ತಿಂಗಳಾಗಿತ್ತು. ಅವನು ದಿನವೂ ದಾಸರಹಳ್ಳಿ ಸ್ಟಾಪಿನ ತನಕ ಅವಳ ಜೊತೆ ನಡೆದು ಬಂದು, "ಕೈ ಉಸಾರು ಕಣಮ್ಮಿ" ಅನ್ನುತ್ತಿದ್ದ. ಹಾಗೆ ಅಂದದ್ದೇ ತಡ, ಅವಳು ಬಲಗೈಯನ್ನು ಸೆರಗಿನೊಳಗೆ ಸೇರಿಸಿಕೊಳ್ಳುತ್ತಿದ್ದಳು. ಪಕ್ಕದ ಬೆಂಚಿನ ಭದ್ರಮ್ಮನೂ ಇವಳೂ ಒಂದೇ ಡಬ್ಬಿಯಲ್ಲಿ ಮುದ್ದೆ ತಿಂದವರು; ಈಗ ಒಬ್ಬರ ಗೀಟು ಇನ್ನೊಬ್ಬರು ಕದ್ದು ನೋಡುತ್ತಿದ್ದರು. ಅಶ್ವತ್ಥಮ್ಮನಿಗೆ ನಾಲ್ಕು, ಭದ್ರಮ್ಮನಿಗೆ ನಾಲ್ಕು.

ಮೂರನೆಯ ತಿಂಗಳ ಲಾಟು, ಅಂದರೆ ಮುನ್ನೂರು ಬಿಲ್ಲೆ, ಮುಗಿಯುತ್ತಾ ಬಂದಾಗ ಅದು ಆಗಿಯೇ ಹೋಯಿತು. ಉಜ್ಜುತ್ತಾ ಉಜ್ಜುತ್ತಾ ಮನಸ್ಸು ಹಾಳೆಯ ಕಡೆ ಹರಿಯಿತು. ಮೀಟರಿಗೆ ಹಾಕಿದರೆ ಮುಳ್ಳು ಗುರುತು ದಾಟಿ ನಿಂತಿತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಗೋಪಾಲಕೃಷ್ಣನೇ ಎಲ್ಲರಿಗೂ ತಮಾಷೆಗೆ ತೋರಿಸಿದ್ದು ಆಗ ನೆನಪಾಯಿತು. ದಾಟಿದ ಬಿಲ್ಲೆಯ ಮೇಲೆ ಪೆನ್ಸಿಲಿನಲ್ಲಿ ಒಂದು ಗೀಟು ಎಳೆದರೆ, ಆ ಮಸಿಯ ಭಾರಕ್ಕೇ ಮುಳ್ಳು ಹಿಂದಕ್ಕೆ ಬರುತ್ತದೆ. "ಇದು ಕಳ್ಳದಾರಿ, ನೋಡ್ಕೊಳ್ಳಿ, ಮಾಡ್ಬೇಡಿ. ಚಳೀಗೆ ಇದು ನಿಲ್ಲಲ್ಲ" ಎಂದು ನಕ್ಕು ಒರೆಸಿದ್ದ.

ಅಶ್ವತ್ಥಮ್ಮ ಎಳೆದಳು. ಮುಳ್ಳು ಸಾಧುವಾಗಿ ಬಂದು ಗುರುತಿನ ಮೇಲೆ ನಿಂತಿತು. ಬಿಲ್ಲೆ ತಗಡಿನ ಗೂಡಿಗೆ ಸೇರಿತು, ಮುಚ್ಚಳ ಬೆಸೆದರು, ಆರು ಜನರದ್ದೂ ಒಂದೇ ಟ್ರೇಯಲ್ಲಿ ಬೆರೆಯಿತು. ಮುನ್ನೂರರಲ್ಲಿ ಅದು ಯಾವುದು ಎಂದು ಇನ್ನು ಅವಳಿಗೂ ಹೇಳಲಾಗದು.

ಸೋಮವಾರ ಪರೀಕ್ಷೆಗೆ ನಲ್ಲಪ್ಪ ಬಂದ. ಜಿಗಣಿ ಕಡೆಯವನು, ಹದಿನೆಂಟು ವರ್ಷ ವೈರ್‌ಲೆಸ್ ಸೆಟ್ಟು ಬೆನ್ನಿಗೆ ಹೊತ್ತು ಬೆಟ್ಟ ಹತ್ತಿದ ಸುಬೇದಾರ, ಈಗ ಮಿಲಿಟರಿ ಪರವಾಗಿ ಮಾಲು ನೋಡುವವನು. ಕಣ್ಣಿಗೆ ಬಿದ್ದ ಹತ್ತನ್ನು ಆರಿಸಿ ಐಸ್ ಪೆಟ್ಟಿಗೆಯಲ್ಲಿಟ್ಟು ಅಳೆದ. ಹತ್ತೂ ಸರಿಯಿದ್ದವು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅನ್ನುತ್ತಾರೆ. ಅಶ್ವತ್ಥಮ್ಮನಿಗೆ ಒಂದು ಗಳಿಗೆಯೂ ಹೆಚ್ಚಾದಂತೆ ಅನ್ನಿಸಲಿಲ್ಲ. ಯಾರೋ ಒಬ್ಬ ಸಿಪಾಯಿ ಹುಡುಗ ಹಿಮದಲ್ಲಿ ಕೂತು, ಕೇಳಿಸದ ಸೆಟ್ಟಿನೊಳಗೆ ಕೂಗುತ್ತಿರುವುದೇ ಕಣ್ಣಿಗೆ ಕಟ್ಟಿತು.

ಅರಗು ಕರಗಿಸಿ ಸೀಲು ಒತ್ತುವ ಮುಂಚೆ ಹೆಂಗಸರ ಕಡೆ ತಿರುಗಿ ಒಂದು ಮಾತು ಕೇಳುವುದು ನಲ್ಲಪ್ಪನ ಪದ್ಧತಿ.

"ಇನ್ನೇನೂ ಇಲ್ವಲ್ರಮ್ಮಾ?"

"ಇಲ್ಲಾ ಸಾರ್" ಎಂದು ಆರೂ ಜನ ಒಟ್ಟಿಗೆ ಅನ್ನುವುದು ಇವರ ಪದ್ಧತಿ. ಆ ದಿನ ಉತ್ತರ ತೆಳ್ಳಗೆ ಬಂತು. ಅಶ್ವತ್ಥಮ್ಮ ಬಾಯಿ ತೆರೆದಳು, ಆದರೆ ಅವಳ ಬಾಯಿಂದ ಬೇರೆ ಮಾತೇ ಹೊರಟಿತು.

"ಐತೆ ಸಾರ್. ಒಂದು ನಂದೈತೆ. ಪೆನ್ಸಿಲ್ ಎಳ್ದಿವ್ನಿ."

ಗೋಪಾಲಕೃಷ್ಣನ ಮುಖ ಸುಣ್ಣವಾಯಿತು. "ಏನಮ್ಮಾ ಇದು! ತಲೆ ಕೆಟ್ಟಿದ್ಯಾ ನಿಂಗೆ?" ಎಂದ. ನಲ್ಲಪ್ಪ ಬೈಯಲಿಲ್ಲ. ಅರಗಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿ, "ಮುನ್ನೂರೂ ಐಸಿಗೆ ಹಾಕಿ" ಅಂದ.

ಎರಡು ದಿನ ಹಿಡಿಯಿತು. ಅಶ್ವತ್ಥಮ್ಮನನ್ನು ಕೆಲಸಕ್ಕೆ ಬಿಡದೆ ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂರಿಸಿದ್ದರು. ಎರಡನೆಯ ದಿನ ಊಟದ ಹೊತ್ತಿಗೆ ಮೊದಲನೆಯದು ಸಿಕ್ಕಿತು, ಚಳಿಗೆ ಮುಳ್ಳು ಜಾರಿಬಿಟ್ಟಿತ್ತು. "ಅದೇ ಸಾರ್ ನಂದು" ಎಂದು ಅವಳು ಎದ್ದು ನಿಂತಳು. ನಲ್ಲಪ್ಪ ಉಳಿದವನ್ನೂ ಅಳೆಯುತ್ತಾ ಹೋದ. ಇನ್ನೊಂದು ಸಿಕ್ಕಿತು. ಆಮೇಲೆ ಇನ್ನೊಂದು. ಸಂಜೆಗೆ ಮೇಜಿನ ಮೇಲೆ ಹನ್ನೊಂದು ಸಾಲಾಗಿದ್ದವು.

ಮುಚ್ಚಳ ಬಿಚ್ಚಿದರೆ ಹನ್ನೊಂದರ ಮೇಲೂ ಸಣ್ಣ ಕಪ್ಪು ಗೀಟು. ಕುಂಬಳಕಾಯಿ ಕಳ್ಳ ಎಂದು ಯಾರೂ ಕೂಗಿರಲಿಲ್ಲ, ಆದರೂ ಉಳಿದ ಐದು ಜನ ಹೆಂಗಸರೂ ಸೆರಗು ಬೆರಳಿಗೆ ಸುತ್ತಿಕೊಂಡು ನೆಲ ನೋಡುತ್ತಿದ್ದರು.

"ಈ ಹಾಳೆ ಯಾವತ್ತು ಅಂಟಿಸಿದ್ದು ಸಾರ್?" ಎಂದು ನಲ್ಲಪ್ಪ ಗಡಿಯಾರದ ಕೆಳಗಿನ ಕೆಂಪು ಗೀಟುಗಳನ್ನು ತೋರಿಸಿ ಗೋಪಾಲಕೃಷ್ಣನನ್ನು ಕೇಳಿದ.

"ಮೂರ್ ತಿಂಗ್ಳಾಯ್ತು."

ಆಗ ಭದ್ರಮ್ಮ ಅಳಲು ಶುರುಮಾಡಿದಳು. "ಇದ್ರಾಗೆ ನಂದು ಮೂರು ಕಣೆ ಅಶ್ವತ್ಥಿ. ಓದ ತಿಂಗ್ಳೂ ಅಂಗೇ ಮಾಡಿದ್ದೆ. ಅದು ಓಗ್ಬಿಡ್ತಲ್ಲೇ."

ಹೋದ ತಿಂಗಳ ಲಾಟು, ಅದರ ಹಿಂದಿನ ಲಾಟು, ಎರಡೂ ಸೀಲಾಗಿ ರೈಲು ಹತ್ತಿದ್ದವು. ನಲ್ಲಪ್ಪ ಓಡುವ ಹಾಗೆ ಆಫೀಸಿಗೆ ಹೋಗಿ, ಆ ಮಾಲು ತಡೆಯಲು ದೂರದ ಮಿಲಿಟರಿ ಡಿಪೋಗೆ ಟ್ರಂಕ್ ಕಾಲ್ ಬುಕ್ ಮಾಡಿದ. ಐದೂವರೆಗೆ ಕೆಲಸ ಬಿಡುವ ಸೈರನ್ ಆಯಿತು, ಆರು ಜನರಲ್ಲಿ ಒಬ್ಬರೂ ಏಳಲಿಲ್ಲ. ಅಶ್ವತ್ಥಮ್ಮ ಸ್ಟೂಲು ಬಿಟ್ಟು ಬಂದು ಭದ್ರಮ್ಮನ ಪಕ್ಕ ನೆಲದ ಮೇಲೆ ಕೂತಳು. ಯಾರಿಗೆ ಕೆಲಸ ಹೋಗುತ್ತದೆ, ಯಾರಿಗೆ ಉಳಿಯುತ್ತದೆ ಅನ್ನುವುದು ಆಗ ಒಬ್ಬರಿಗೂ ನೆನಪಿರಲಿಲ್ಲ. ಆರೂವರೆಗೆ ಫೋನು ಬಡಿದುಕೊಂಡಿತು. ಆಫೀಸಿನ ತೆರೆದ ಬಾಗಿಲಿನಿಂದ ನಲ್ಲಪ್ಪನ ಗಂಟಲು ಹೆಂಗಸರು ಕೂತಿದ್ದ ತನಕ ಕೇಳುತ್ತಿತ್ತು.

"ಹಲೋ... ಹಲೋ... ನನ್ನ ಮಾತು ಕೇಳಿಸ್ತಾ ಇದ್ಯಾ? ಹಲೋ..."

ಆ ಕಡೆಯಿಂದ ಉತ್ತರ ಬರಲೆಂದು ಆರು ಹೆಂಗಸರೂ ಆ ಬಾಗಿಲ ಕಡೆಗೇ ಕಿವಿ ಕೊಟ್ಟು ಕೂತಿದ್ದರು.