ಅತ್ತೆಯ ಅಳತೆಗೆ ಒಂದು ಗಿಟಾರ್

ಗಿಟಾರ್ ಅತ್ತೆಯ ಮೈಗೆ ಹೊಂದಲಿಲ್ಲ. ಅತ್ತೆ ಬೈದದ್ದು ಗಿಟಾರನ್ನು, ಮೈಯನ್ನಲ್ಲ.

"ಇದರ ಹೊಟ್ಟೆ ಇಷ್ಟು ದಪ್ಪ, ನನ್ನ ಹೊಟ್ಟೆ ಇಷ್ಟು ದಪ್ಪ. ಒಂದೇ ತೊಡೆ ಮೇಲೆ ಎರಡು ಹೊಟ್ಟೆ ಹೇಗಮ್ಮ ಕೂರುತ್ತೆ?" ಎಂದು, ಮಹಡಿಯಲ್ಲಿ ಬಾಡಿಗೆಗಿರುವ ಗಿಟಾರ್ ಟೀಚರಿಗೆ ಅದನ್ನು ಹಿಂದಿರುಗಿಸಿದರು. ಆ ಹುಡುಗಿ ಅತ್ತೆಯ ಅರ್ಧ ವಯಸ್ಸಿನವಳು. ಆದರೂ ಪಾಠಕ್ಕೆ ಸೇರಿದ ದಿನದಿಂದ ಅತ್ತೆಯ ಪಾಲಿಗೆ ಅವಳು ಟೀಚರಮ್ಮ.

ಅತ್ತೆ ಎಂದರೆ ನನ್ನ ಗಂಡನ ತಾಯಿ. ಬೀದಿಯವರ ಬಾಯಲ್ಲಿ ಟೈಲರಮ್ಮ. ಮನೆಯ ಮುಂದಿನ ಕೋಣೆಯಲ್ಲಿ, ಕಿಟಕಿಯ ಬೆಳಕು ಎಡಗಡೆಯಿಂದ ಬೀಳುವಂತೆ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಾರೆ. ಹೊಸ ಬಟ್ಟೆ ಹೊಲಿಯುವುದಕ್ಕಿಂತ, ರೆಡಿಮೇಡ್ ಬಟ್ಟೆ ತಂದು ಪೆಚ್ಚುಮೋರೆ ಹಾಕಿಕೊಂಡವರಿಗೆ ಅದನ್ನು ಒಗ್ಗಿಸಿ ಕೊಡುವುದೇ ಅವರ ಹೆಚ್ಚಿನ ಕೆಲಸ. ಹೆರಿಗೆಯಾದ ಮೇಲೆ ನನ್ನ ಒಂದು ಅಂಗಿಯೂ ಮೈಗೆ ಏರದೆ ನಾನು ಬೀರುವಿನ ಮುಂದೆ ಕಣ್ಣೀರು ಹಾಕುತ್ತಿದ್ದಾಗ, ಅಷ್ಟನ್ನೂ ಬಾಚಿಕೊಂಡು ಹೋಗಿ ಸಂಜೆಯೊಳಗೆ ಹೊಲಿಗೆ ಬಿಡಿಸಿ ಸಡಿಲ ಮಾಡಿ ತಂದರು. "ಅಳತೆ ತಪ್ಪಿದ್ದು ಅಂಗಿದು, ನಿಂದಲ್ಲ" ಎಂದರು. ಅಂಥವರು ತಮ್ಮ ತೊಡೆಗೆ ಒಪ್ಪದ ಗಿಟಾರನ್ನು ಸಹಿಸಿಕೊಳ್ಳುತ್ತಾರೆಯೇ? ತಾವೇ ಒಂದನ್ನು ಮಾಡುತ್ತೇನೆಂದು ಹೊರಟರು.

ತೋಳಿನ ಉದ್ದ, ಎದೆಯಿಂದ ಮಂಡಿಗೆ ಇರುವ ದೂರ, ಬೆರಳುಗಳ ಅಗಲ, ಎಲ್ಲವನ್ನೂ ನನ್ನಿಂದ ಅಳೆಸಿದರು. ಹಳೆಯ ಪೇಪರಿನಲ್ಲಿ ತೆಳು ಹೊಟ್ಟೆಯ ಗಿಟಾರೊಂದನ್ನು ಕತ್ತರಿಸಿ, ತೊಡೆಯ ಮೇಲಿಟ್ಟು, ಕನ್ನಡಿಯ ಮುಂದೆ ಕೂತು ನೋಡಿಕೊಂಡರು. ಆಮೇಲೆ ಶುರುವಾಯಿತು ಸಾಮಾನಿನ ದಂಡಯಾತ್ರೆ.

ಗಿಟಾರಿನ ಕತ್ತಿನ ಮೇಲೆ ಅಡ್ಡಡ್ಡ ಕೂರುವ ಸಣ್ಣ ಲೋಹದ ಕಂಬಿಗಳಿರುತ್ತವಲ್ಲ, ಫ್ರೆಟ್‌ಗಳು, ಅವಕ್ಕೆ ಇಷ್ಟೊಂದು ಉಪಚಾರ ಬೇಕೆಂದು ನನಗೆ ಗೊತ್ತಿರಲಿಲ್ಲ. ಕಂಬಿಯನ್ನು ಬಗ್ಗಿಸಲು ಕಬ್ಬಿನ ಗಾಣದ ಮರಿಯಂಥ ಮೂರು ಚಕ್ರದ ಯಂತ್ರ. ಕತ್ತರಿಸಲು ಮೂತಿಯನ್ನು ಚಪ್ಪಟೆಯಾಗಿ ಉಜ್ಜಿದ ಇಕ್ಕಳ. ಬಡಿದು ಕೂರಿಸಲು ಹಿತ್ತಾಳೆ ಮುಖದ ಪುಟ್ಟ ಸುತ್ತಿಗೆ. ಕೂದಲೆಳೆಯಷ್ಟು ಸೀಳು ಕೊರೆಯುವ ಗರಗಸ. ಬಸ್ ಓಡಿಸಿ ನಿವೃತ್ತರಾದ ಮಾವ ಒಂದೊಂದು ಪಾರ್ಸೆಲ್ ಬಂದಾಗಲೂ ಬಾಗಿಲಲ್ಲಿ ನಿಂತು ರಾಗ ಎಳೆಯುತ್ತಿದ್ದರು.

"ಇಷ್ಟು ಸಾಮಾನು ನಮ್ಮ ಡಿಪೋದಲ್ಲೂ ಇರ್ಲಿಲ್ಲ ಕಣೇ."

"ನಿಮ್ಮ ಬಸ್ಸು ಹಾಡ್ತಿತ್ತಾ?"

"ಹಾಡ್ತಿತ್ತಪ್ಪ, ಬ್ರೇಕ್ ಹಾಕ್ದಾಗೆಲ್ಲ."

ಫ್ರೆಟ್‌ಗಳ ಜಾಗ ಗುರುತಿಸಲು ಮಾತ್ರ ಅತ್ತೆ ತಮ್ಮ ಕೈಯನ್ನು ನಂಬಲಿಲ್ಲ. ಕಚ್ಚು ಹಾಕಿದ ಉಕ್ಕಿನ ಪಟ್ಟಿಯೊಂದು ಸಿದ್ಧವಾಗಿಯೇ ಸಿಗುತ್ತದೆ. ಅದನ್ನು ತರಿಸಿ, ಆ ಕಚ್ಚುಗಳ ಪ್ರಕಾರವೇ ಸೀಳುಗಳನ್ನು ಕೊರೆದರು. ಉಳಿದದ್ದೆಲ್ಲ ಅವರ ಕಣ್ಣಳತೆ, ಕೈಯಳತೆ, ಸದಾ ಕೊರಳಲ್ಲಿ ನೇತಾಡುವ ಬಟ್ಟೆಯ ಟೇಪು. ಹೊಲಿಗೆಯ ನಡುವೆ ಬಿಡುವು ಸಿಕ್ಕಾಗ ಮರ ಕೆತ್ತುವುದು, ಅಂಟು ಒಣಗುವಾಗ ಹೊಲಿಯುವುದು. ಗಿರಾಕಿಗಳ ಪ್ಯಾಂಟಿನ ಮಡಿಕೆಯಲ್ಲಿ ಮರದ ಪುಡಿ ಸಿಗತೊಡಗಿತು. ಒಬ್ಬರೂ ದೂರು ಹೇಳಲಿಲ್ಲ. "ಎಲ್ಲೀವರೆಗೆ ಬಂತು ಟೈಲರಮ್ಮ?" ಎಂದೇ ಕೇಳುತ್ತಿದ್ದರು.

ತಂತಿ ಕಟ್ಟಿದ ದಿನ ಟೀಚರಮ್ಮ ಇಳಿದು ಬಂದಳು. ಶ್ರುತಿ ಮಾಡಿ ಮೀಟಿದಳು. ಏನು ನಾದ! ಪುಟ್ಟಿ, ನನ್ನ ಮಗಳು, ತೆವಳುವುದನ್ನು ಬಿಟ್ಟು ಕತ್ತೆತ್ತಿ ನೋಡಿದಳು. ಟೀಚರಮ್ಮನ ಬೆರಳು ಕತ್ತಿನ ಮೇಲೆ ಹತ್ತುತ್ತ ಹೋದಂತೆ ಅವಳ ಮುಖ ಮಾತ್ರ ಇಳಿಯಿತು.

"ಅಮ್ಮಾ, ತಪ್ಪು ತಿಳ್ಕೋಬೇಡಿ. ಮೇಲೆ ಹೋದ ಹಾಗೆ ಸ್ವರ ಇರಬೇಕಾದ್ದಕ್ಕಿಂತ ಇಳೀತಿದೆ. ಹನ್ನೆರಡನೇ ಫ್ರೆಟ್ಟಲ್ಲಂತೂ ಪೂರ್ತಿ ಅಪಸ್ವರ, ಹುಳಿ ಹುಳಿ."

ಅತ್ತೆಗೆ ಫ್ರೆಟ್‌ಗಳ ಮೇಲೆಯೇ ಅನುಮಾನ. ಪ್ರತಿಯೊಂದರ ನೆತ್ತಿಗೂ ಮಾರ್ಕರಿನಿಂದ ಮಸಿ ಬಳಿದು, ಉಪ್ಪುಕಾಗದ ಅಂಟಿಸಿದ ನೇರ ಪಟ್ಟಿಯನ್ನು ಮೇಲೆ ಎಳೆದರು. ಮೊದಲು ಮಸಿ ಅಳಿದದ್ದು ಎತ್ತರದ ಕಂಬಿ ಎಂದರ್ಥ. ಎಲ್ಲವೂ ಒಂದೇ ಮಟ್ಟಕ್ಕೆ ಬಂದ ಮೇಲೆ, ಒಳಬಾಗಿದ ಅಂಚಿನ ಅರದಿಂದ ಚಪ್ಪಟೆಯಾದ ನೆತ್ತಿಗಳನ್ನು ಮತ್ತೆ ಗುಂಡಗೆ ಮಾಡಿ, ಹೊಳೆಯುವಂತೆ ಉಜ್ಜಿದರು. ಮೀಟಿದರೆ ಅದೇ ಹುಳಿ. ಮತ್ತೊಮ್ಮೆ ಮಸಿ, ಮತ್ತೊಮ್ಮೆ ಅರ. ಹುಳಿ ಕದಲಲಿಲ್ಲ.

ಒಂದು ಬೆಳಿಗ್ಗೆ ನೋಡಿದರೆ ಗಿಟಾರ್ ಗೋಡೆಯ ಮೊಳೆಗೆ ಏರಿತ್ತು. ಸಾಮಾನೆಲ್ಲ ಡಬ್ಬಕ್ಕೆ ಸೇರಿತ್ತು.

"ಬಟ್ಟೆ ಕೆಟ್ರೆ ದಿಂಬಿನ ಕವರಾದ್ರೂ ಆಗುತ್ತೆ. ಇದು ಏನಾಗುತ್ತೆ? ನನ್ನ ಕೈಲಾಗೋ ಕೆಲಸ ಅಲ್ಲ ಬಿಡಮ್ಮ. ಪಾಠಕ್ಕೂ ಇನ್ನು ಬರಲ್ಲ ಅಂತ ಟೀಚರಮ್ಮಂಗೆ ಹೇಳ್ಬಿಡು."

ನಾನು ಹೇಳಲಿಲ್ಲ. ಹೇಳಿದರೆ ಅದು ನಿಜವಾಗಿಬಿಡುತ್ತದೆ ಎಂದು ಭಯವಾಯಿತು. ಯಂತ್ರ ತುಳಿಯುವಾಗ ಅತ್ತೆ ಏನಾದರೂ ಗುನುಗುತ್ತಲೇ ಇರುತ್ತಿದ್ದವರು; ಆ ವಾರ ಬರೀ ಯಂತ್ರದ ಸದ್ದು. ಮಾವ ಕೂಡ ತಮಾಷೆ ಮಾಡುವುದನ್ನು ನಿಲ್ಲಿಸಿದ್ದರು. ಅದೇ ಎಲ್ಲಕ್ಕಿಂತ ಕೆಟ್ಟ ಸೂಚನೆ.

ಇಂಥ ದಿನಗಳಲ್ಲೇ ಪುಟ್ಟಿಗೆ ಮಲಗುವ ಚೀಲವೊಂದನ್ನು ಹೊಲಿಯೋಣವೆಂದು, ಅತ್ತೆಯ ಟೇಪು ತೆಗೆದುಕೊಂಡು ಅವಳ ಉದ್ದ ನೋಡಿದೆ. ಅರವತ್ತೊಂಬತ್ತೂವರೆ. ಹಿಂದಿನ ವಾರ ತಾನೇ ಆಸ್ಪತ್ರೆಯಲ್ಲಿ ನರ್ಸ್ ಅಳೆದು ಎಪ್ಪತ್ತು ಸೆಂಟಿಮೀಟರ್ ಎಂದಿದ್ದರು.

"ಅತ್ತೆ, ಪುಟ್ಟಿ ಕುಗ್ಗಿದಾಳೆ!"

"ಕಾಲು ಮಡಚ್ಕೊಂಡಿರ್ತಾಳೆ ನೋಡು."

ಅತ್ತೆ ಮಂಡಿ ಹಿಡಿದರು, ನಾನು ತಲೆ ಹಿಡಿದೆ. ಪುಟ್ಟಿಗೆ ಕಚಗುಳಿಯೋ ಕಚಗುಳಿ. ಮತ್ತೆ ಅಷ್ಟೇ ಬಂತು. ಮಾವ ಪೇಪರಿನಿಂದ ತಲೆ ಎತ್ತಿ, "ಅಷ್ಟು ಬಿಸಿನೀರು ಹಾಕ್ಬೇಡಿ ಅಂತ ಬಡ್ಕೊಂಡೆ. ಈಗ ನೋಡಿ, ಕುಗ್ಗಿತು" ಎಂದರು.

ನನಗೆ ನಗು ಬರಲಿಲ್ಲ. ಡಬ್ಬ ತೆರೆದು ಗಿಟಾರಿಗೆಂದು ತಂದಿದ್ದ ಉಕ್ಕಿನ ಸ್ಕೇಲನ್ನು ತೆಗೆದು, ಅದರಿಂದಲೇ ಅಳೆದೆ. ಎಪ್ಪತ್ತು, ಸರಿಯಾಗಿ! ಟೇಪನ್ನು ಸ್ಕೇಲಿನ ಪಕ್ಕದಲ್ಲಿ ಮೇಜಿನ ಮೇಲೆ ಚಾಚಿದೆ. ಮೊದಲಲ್ಲಿ ಎರಡೂ ಜೋಡಿಯಾಗಿಯೇ ಹೊರಟವು. ಮುಂದೆ ಹೋಗುತ್ತ ಟೇಪಿನ ಗೆರೆಗಳು ಸ್ಕೇಲಿನ ಗೆರೆಗಳನ್ನು ದಾಟಿಕೊಂಡು ಹೋದವು. ವರ್ಷಗಟ್ಟಲೆ ಎಳೆಸಿಕೊಂಡು ಟೇಪು ಹಿಗ್ಗಿತ್ತು.

"ಹಾಗಾದ್ರೆ ನಾನು ಊರಿಗೆಲ್ಲ ಸಡಿಲ ಬಟ್ಟೆ ಹೊಲಿದು ಕೊಟ್ಟಿದೀನಾ?" ಅತ್ತೆ ಗಾಬರಿಯಾದರು. ಮರುಕ್ಷಣ ತಾವೇ ಹಣೆ ಚಚ್ಚಿಕೊಂಡರು. "ಇಲ್ಲ ಇಲ್ಲ, ಅಳೆದಿದ್ದೂ ಇದರಲ್ಲೇ, ಕತ್ತರಿಸಿದ್ದೂ ಇದರಲ್ಲೇ. ಎರಡೂ ಸರಿಹೋಯ್ತು." ಅಷ್ಟು ಹೇಳಿ ಗೋಡೆಯತ್ತ ತಿರುಗಿದರು. "ಗಿಟಾರಲ್ಲಿ ಮಾತ್ರ ಫ್ರೆಟ್ ಉಕ್ಕಿನ ಪಟ್ಟೀಲಿ ಗುರುತು ಮಾಡ್ದೆ. ಬ್ರಿಜ್ಜು ಟೇಪಲ್ಲಿ ಇಟ್ಟೆ!"

ಬ್ರಿಜ್ ಎಂದರೆ ಹೊಟ್ಟೆಯ ಮೇಲೆ ತಂತಿಗಳ ಬುಡ ಹಿಡಿದಿರುವ ಮರದ ತುಂಡು. ಅದು ಅರ್ಧ ಸೆಂಟಿಮೀಟರ್ ಹಿಂದಕ್ಕೆ ಕೂತು, ತಂತಿ ಅಷ್ಟು ಉದ್ದವಾಗಿ ಸ್ವರ ಇಳಿದಿತ್ತು. ಫ್ರೆಟ್‌ಗಳು ಪಾಪ, ತಮ್ಮದಲ್ಲದ ತಪ್ಪಿಗೆ ವಾರಗಟ್ಟಲೆ ಅರ ತಿಂದಿದ್ದವು.

ಆದರೆ ಬ್ರಿಜ್ಜನ್ನು ಅಂಟು ಹಾಕಿ ಭದ್ರ ಮಾಡಿಯಾಗಿತ್ತು. ಕೀಳುವಾಗ ಹೊಟ್ಟೆಯ ತೆಳು ಹಲಗೆ ಸಿಗಿದು ಬಂದರೆ ಇಡೀ ಗಿಟಾರೇ ಹೋಯಿತು. ಬಿಸಿಗೆ ಅಂಟು ಮೆತ್ತಗಾಗುತ್ತದೆ ಎಂದಳು ಟೀಚರಮ್ಮ. ಬಿಸಿ ಮಾಡುವ ಸಾಧನ ಟೈಲರ್ ಮನೆಯಲ್ಲಿ ಇಲ್ಲದೆ ಇರುತ್ತದೆಯೇ? ಸುತ್ತಲೂ ದಪ್ಪ ರಟ್ಟು ಹೊದಿಸಿ, ಅತ್ತೆ ಇಸ್ತ್ರಿ ಪೆಟ್ಟಿಗೆಯನ್ನು ಬ್ರಿಜ್ಜಿನ ತಲೆಯ ಮೇಲೆ ಇಟ್ಟರು. ಮಾವ ಗಿಟಾರನ್ನು ತೊಡೆಗಳ ನಡುವೆ ಅವುಚಿ ಹಿಡಿದರು. ನಾನು ಪುಟ್ಟಿಯನ್ನು ಅವುಚಿಕೊಂಡೆ.

ಕಾಸಿದ ತೆಳು ಚಾಕುವಿನ ತುದಿ ಅಂಟಿನೊಳಗೆ ಇಳಿಯಿತು. ಅತ್ತೆ ಹೊಲಿಗೆ ಬಿಚ್ಚುವಾಗಿನಂತೆಯೇ ತುಟಿ ಕಚ್ಚಿಕೊಂಡು, ಒಂದೊಂದೇ ಎಳೆ ಬಿಡಿಸುವವರ ಹಾಗೆ ಮುಂದುವರಿದರು. ಮಧ್ಯದಲ್ಲಿ ಚಟ್ ಎಂದಿತು.

"ಅಯ್ಯೋ, ಹೋಯ್ತೇನೇ?" ಎಂದರು ಮಾವ.

"ನಿಮ್ಮ ಮಂಡಿ ರೀ ಅದು! ಅಲ್ಲಾಡ್ಬೇಡಿ!"

ಬ್ರಿಜ್ ಇಡಿಯಾಗಿ ಕೈಗೆ ಬಂತು. ಹಲಗೆಯಲ್ಲಿ ಒಂದು ಸಿಬಿರೂ ಎದ್ದಿರಲಿಲ್ಲ. ಮಾವ ಚಪ್ಪಾಳೆ ತಟ್ಟಲು ಹೋಗಿ ಗಿಟಾರನ್ನೇ ಬಿಡುವುದರಲ್ಲಿದ್ದರು.

ಉಕ್ಕಿನ ಸ್ಕೇಲಿನಿಂದ ಅಳೆದು, ಮುಂದಕ್ಕೆ ಸರಿಸಿ, ಅಂಟು ಹಾಕಿ, ಕ್ಲಾಂಪ್ ಬಿಗಿದರು. ಹಿಂದೆ ಒಂದು ಬಿಳಿಚಿದ ಪಟ್ಟಿ ಉಳಿಯಿತು. ಬಣ್ಣ ಹಚ್ಚಿ ಮುಚ್ಚಬಹುದು ಎಂದಳು ಟೀಚರಮ್ಮ. "ಬೇಡ, ಬಿಡು. ಉದ್ದ ಬಿಡಿಸಿದ ಲಂಗಕ್ಕೆ ಹಳೇ ಮಡಿಕೆ ಗೆರೆ ಇರೋದೇ" ಎಂದರು ಅತ್ತೆ.

ಅಂಟು ಒಣಗಿದ ಮೇಲೆ ತಂತಿ ಕಟ್ಟಿ, ಅತ್ತೆ ತಾವೇ ಬೆರಳೊತ್ತದೆ ಬರಿ ತಂತಿಯನ್ನೊಮ್ಮೆ, ಹನ್ನೆರಡನೇ ಫ್ರೆಟ್ಟಿನಲ್ಲಿ ಒತ್ತಿ ಇನ್ನೊಮ್ಮೆ ಮೀಟಿದರು. ಒಂದೇ ಸ್ವರ, ಒಂದು ನೆಲದ ಮೇಲೆ, ಇನ್ನೊಂದು ಮಹಡಿಯ ಮೇಲೆ ನಿಂತು ಹಾಡಿದ ಹಾಗೆ. ಇನ್ನೊಮ್ಮೆ ಮೀಟಿದರು. ಮತ್ತೊಮ್ಮೆ. ಗಿರಾಕಿಯೊಬ್ಬರು ಬಂದು ತೋಳು ಮೊಟಕು ಮಾಡಬೇಕಾದ ಕೋಟು ಹಿಡಿದು ನಿಂತಿದ್ದರು. ಅವರನ್ನೂ ಕೂರಿಸಿ ಕೇಳಿಸಿದರು.

ಮರುದಿನ ತಮ್ಮ ಗಿಟಾರನ್ನು ತಾವೇ ಹೊತ್ತುಕೊಂಡು ಮಹಡಿ ಹತ್ತಿದರು. ಪಾಠ ಮುಗಿಸಿ ಇಳಿದವರು ಮೆಟ್ಟಿಲಿನ ಮೇಲಿಂದಲೇ ಕೂಗಿದರು, ಬಹುಮಾನ ಗೆದ್ದ ಮಗುವಿನ ಮುಖ ಹೊತ್ತು:

"ಕೇಳಿದ್ಯೇನಮ್ಮ? ಗಿಟಾರಲ್ಲಿ ಒಂಚೂರೂ ದೋಷ ಇಲ್ವಂತೆ. ಇನ್ಮೇಲೆ ತಪ್ಪೆಲ್ಲ ನನ್ನ ಬೆರಳಿಂದೇ ಅಂತೆ!"