ದರ್ಜಿಯ ಸೈಕಲ್ಲು, ಪಕ್ಕದಂಗಡಿಯ ಮೊಳೆ

ನಮ್ಮಪ್ಪ ದರ್ಜಿ. ಮೂಗಿನ ತುದಿಯಲ್ಲಿ ಕೋಪ, ತುಟಿಗಳ ನಡುವೆ ಗುಂಡುಸೂಜಿ. ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಐದಾರು ಸೂಜಿ ಕಚ್ಚಿಕೊಂಡರೆ ತೆಗೆಯುವುದು ಮಧ್ಯಾಹ್ನದ ಊಟಕ್ಕೇ. ಅಲ್ಲಿಯವರೆಗೆ ಗಿರಾಕಿಗಳಿಗೆಲ್ಲ ‘ಹೂಂ’, ‘ಊಹೂಂ’ ಎರಡೇ ಉತ್ತರ. ಬೀದಿಯಲ್ಲಿ ಯಾರಾದರೂ ಸುಮ್ಮಸುಮ್ಮನೆ ಹಾರ್ನ್ ಹೊಡೆದರೆ ಮಾತ್ರ ಹೊಸ್ತಿಲಿಗೆ ಓಡಿಬಂದು ಬಾಯಿ ತೆರೆಯುತ್ತಿದ್ದ. ಅದೇ ಅಂಗಡಿಯಲ್ಲಿ ಗುಂಡಿ ಹೊಲಿಯುವ ಕೆಲಸ ನನ್ನದು. ಬೈಗುಳ ಕೇಳಿ ಕೇಳಿ ಕಿವಿ ಪಳಗಿತ್ತು.

ಪಕ್ಕದ ಅಂಗಡಿಯಲ್ಲಿ ಫೋಟೊಗಳಿಗೆ ಕಟ್ಟು ಹಾಕುವ ಮಾಮ ಇದ್ದ. ರಕ್ತಸಂಬಂಧವೇನೂ ಇಲ್ಲ. ಹದಿನೆಂಟು ವರ್ಷ ಇಬ್ಬರೂ ಹೊರಗಿನ ಒಂದೇ ಬೆಂಚಿನ ಮೇಲೆ ಡಬ್ಬಿ ಬಿಚ್ಚಿ ಉಂಡವರು, ಅದಕ್ಕೇ ನನಗೆ ಮಾಮ.

ಬೀದಿಯಲ್ಲಿ ನಿಲ್ಲಿಸಿದ್ದ ತನ್ನ ಸೈಕಲ್ಲಿನ ಸೀಟಿನ ಕವರನ್ನು ಯಾರೋ ಕದ್ದರೆಂದು ಅಪ್ಪ ಸೈಕಲ್ಲನ್ನು ನಮ್ಮಂಗಡಿಯ ಹೊಸ್ತಿಲ ಪಕ್ಕಕ್ಕೆ ತಂದಿಟ್ಟ. ಅಲ್ಲಿಂದ ಶುರುವಾಯಿತು ಪಂಕ್ಚರ್ ಕಾಟ. ಮೊದಲ ಸಲ ಅಪ್ಪ ರಸ್ತೆಯನ್ನು ಬೈದ. ಎರಡನೆಯ ಸಲ ಟೈರು ಮಾಡಿದವರನ್ನು. ಮೂರನೆಯ ಸಲ ಅವನ ಕಣ್ಣು ಮಾಮನ ಮೊಳೆ ಡಬ್ಬದ ಮೇಲೆ ಬಿತ್ತು.

“ನಿನ್ನ ಮೊಳೆನೇ ಕಣೋ ಇದು!” ಎಂದು ಹೊಸ್ತಿಲಲ್ಲಿ ನಿಂತು ಕೂಗಿದ.

“ದಿನಾ ಅಯಸ್ಕಾಂತ ಆಡಿಸಿ ಒಂದೊಂದನ್ನೂ ಎತ್ಕೊಳ್ತೀನಪ್ಪ ನಾನು,” ಎಂದ ಮಾಮ.

“ಎತ್ಕೊಳ್ತಾನಂತೆ! ದೊಡ್ಡ ಮನುಷ್ಯ!”

ಅಂದು ಸಂಜೆಯೇ ನಾಲ್ಕನೆಯ ಪಂಕ್ಚರ್. ಅಪ್ಪ ಬೈದಷ್ಟೂ ಚಕ್ರದ ಗಾಳಿ ಹೋಗುತ್ತಿತ್ತು. ಪಂಕ್ಚರ್ ಹಾಕುವವನು ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ, “ತೂತು ತುಂಬಾ ಸಣ್ಣದು ಸಾರ್, ಮೊಳೆ ಇರಲಿಕ್ಕಿಲ್ಲ,” ಎಂದ. ಅವನೂ ಮಾಮನ ಕಡೆಯವನು ಎಂದು ಅಪ್ಪ ತೀರ್ಮಾನಿಸಿದ. ಊಟ ಬೇರೆಯಾಯಿತು. ಅಪ್ಪ ಒಳಗೆ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಮುಖ ಗಂಟಿಕ್ಕಿಕೊಂಡು ಉಂಡ. ಮಾಮ ಮಾತ್ರ ಈಗಲೂ ಬೆಂಚಿನ ಅರ್ಧ ಬಿಟ್ಟೇ ಕೂರುತ್ತಿದ್ದ. ಅದನ್ನು ನೋಡಿದಾಗಲೆಲ್ಲ ನನಗೆ ಅಪ್ಪನ ಮೇಲೆ ಮೈ ಉರಿಯುತ್ತಿತ್ತು.

ಎಂಟನೆಯ ಪಂಕ್ಚರಿಗೆ ಅಪ್ಪ ಕಟ್ಟಡದ ಯಜಮಾನಿಗೆ ದೂರು ಕೊಟ್ಟ. ಮರುದಿನವೇ ಆಕೆ ಬಂದು, “ನಿಜ ಆಗಿದ್ರೆ ಈ ತಿಂಗಳೇ ಇವರ ಅಂಗಡಿ ಖಾಲಿ ಮಾಡಿಸ್ತೀನಿ,” ಎಂದರು. ಮಾಮನ ಮುಖ ಬಾಡಿಹೋಯಿತು. ಅರವತ್ತು ದಾಟಿದವನು ಗಾಜು, ಮರ, ಗರಗಸ ಹೊತ್ತು ಎಲ್ಲಿಗೆಂದು ಹೋಗಬೇಕು?

“ಹೇಳಪ್ಪಾ, ಏನಾಯ್ತು?” ಎಂದು ಯಜಮಾನಿ ಅಪ್ಪನನ್ನು ಕೇಳಿದರು.

ಅಪ್ಪ ಸೂಜಿ ಕಚ್ಚಿಕೊಂಡೇ ಹೊಸ್ತಿಲಿಗೆ ಬಂದ. “ಇವನ ಮೊಳೆ ಅಮ್ಮಾ...” ಟಿಣ್. “ಎಂಟು ಸಲ...” ಟಿಣ್, ಟಿಣ್.

ಯಜಮಾನಿ ನೆಲ ನೋಡಿದರು. ನಾನೂ ನೋಡಿದೆ. ಸೈಕಲ್ಲಿನ ಚಕ್ರದ ಬುಡದಲ್ಲೇ ಮೂರು ಗುಂಡುಸೂಜಿ.

ಮಾಮ ತನ್ನ ಅಯಸ್ಕಾಂತ ತಂದು ಹೊಸ್ತಿಲ ಸುತ್ತ, ಸಂದಿಗೊಂದಿಯಲ್ಲೆಲ್ಲ ಆಡಿಸಿದ. ಎತ್ತಿದಾಗ ಅದರ ತುಂಬ ಗುಂಡುಸೂಜಿ. ಒಂದೇ ಒಂದು ಮೊಳೆ ಇರಲಿಲ್ಲ. ಯಜಮಾನಿ ನಗು ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡು ಹೊರಟೇಹೋದರು.

ಅಪ್ಪ ಇಂಗು ತಿಂದ ಮಂಗನಂತೆ ನಿಂತ. ಆಮೇಲೆ ಬಾಯಲ್ಲಿ ಉಳಿದಿದ್ದ ಎರಡು ಸೂಜಿಯನ್ನೂ ತೆಗೆದ. ಊಟದ ಹೊತ್ತಲ್ಲದೆ ಅವನು ಸೂಜಿ ತೆಗೆದದ್ದನ್ನು ನಾನು ನೋಡಿದ್ದು ಅದೇ ಮೊದಲು.

“ತಪ್ಪಾಯ್ತು ಕಣೋ,” ಎಂದ.

ಮಾಮ ಅಯಸ್ಕಾಂತಕ್ಕೆ ಅಂಟಿದ್ದ ಸೂಜಿಗಳನ್ನು ಒಂದೊಂದಾಗಿ ಬಿಡಿಸಿ ಅಪ್ಪನ ಅಂಗೈಗೆ ಹಾಕಿದ. “ಹೇಗೂ ಸೂಜಿ ತೆಗೆದಿದ್ದೀಯಲ್ಲ, ಡಬ್ಬಿ ತಗೊಂಡು ಬಾ,” ಎಂದು ಬೆಂಚಿನ ತುದಿಗೆ ಸರಿದು ಕೂತ.